ಪಿಂಗ್‌ಪಾಂಗ್ ಕೇಸು

“ಏನಕ್ಕಾ, ಪಿಂಗ್‌ಪಾಂಗ್ ಕೇಸಾ?” ಲಿಫ್ಟಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ ಲಿಫ್ಟಣ್ಣ ಹಲ್ಲು ಕಿರಿದ.

“ಹೂಂ ಕಣೋ, ಅಪ್ಪಟ ಪಿಂಗ್‌ಪಾಂಗು. ಬೆಳಿಗ್ಗೆಯಿಂದ ಕಾಲು ಬಿದ್ದುಹೋಯ್ತು ನಂದು,” ಎಂದಳು ಆಯಾ, ಸ್ಟ್ರೆಚರ್ ತಳ್ಳುತ್ತಲೇ.

ಆಸ್ಪತ್ರೆಯ ಆ ಮಹಡಿಯಲ್ಲಿ ಕಾರಿಡಾರಿನ ಒಂದು ತುದಿಗೆ ಮೂಳೆ ವಿಭಾಗ, ಇನ್ನೊಂದು ತುದಿಗೆ ಹೃದಯ ವಿಭಾಗ. ಅವರು ಹೇಳಲಿ ಎಂದು ಇವರು ಅತ್ತ ಕಳಿಸುವುದು, ಇವರೇ ಹೇಳಲಿ ಎಂದು ಅವರು ಇತ್ತ ಕಳಿಸುವುದು. ಹೀಗೆ ಅಲೆಯುವ ರೋಗಿಗೆ ಪಿಂಗ್‌ಪಾಂಗ್ ಕೇಸು ಎಂದು ಹೆಸರಿಟ್ಟವನು ಲಿಫ್ಟಣ್ಣ. ಡಾಕ್ಟರುಗಳ ವಿಶ್ರಾಂತಿ ಕೋಣೆಗೆ ಟೀ ಕೊಡಲು ಹೋದಾಗ ಮೇಜಿನ ಮೇಲೆ ಚೆಂಡು ಅತ್ತಿತ್ತ ಹಾರುವ ಅವರ ಆಟ ನೋಡಿ ಬಂದಿದ್ದ. ಮಾತು ಆಯಾಗಳ ಬಾಯಿಗೆ ಬಿದ್ದದ್ದೇ ತಡ, ಒಂದು ದಿನವೂ ಬ್ಯಾಟು ಮುಟ್ಟದವರೆಲ್ಲ “ಇವತ್ತು ನಂಗೊಂದು ಪಿಂಗ್‌ಪಾಂಗು” ಎನ್ನತೊಡಗಿದರು. ಬೈಯಲು ಆಗದ ಕಡೆ ನಗುವುದಾದರೂ ಬೇಡವೇ?

ಸ್ಟ್ರೆಚರಿನ ಮೇಲಿದ್ದ ವಯಸ್ಸಾದ ಹೆಂಗಸು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದರು. ಬೇಗ ಆಪರೇಷನ್ ಆಗದಿದ್ದರೆ ಮತ್ತೆ ಎದ್ದು ಓಡಾಡುವುದು ಅನುಮಾನ. ಆಪರೇಷನ್ನನ್ನು ಹೃದಯ ತಾಳಿಕೊಳ್ಳುತ್ತದೆ ಎಂದು ಅವರು ಬರೆದುಕೊಡಲಿ, ಮಾಡುತ್ತೇನೆ ಎನ್ನುತ್ತಿದ್ದರು ಮೂಳೆ ಡಾಕ್ಟರು. ಅಪಾಯವಿದೆ, ಅಷ್ಟು ತುರ್ತು ಇದೆಯೋ ಅವರನ್ನೇ ಕೇಳಿ ಎನ್ನುತ್ತಿದ್ದರು ಹೃದಯದ ಡಾಕ್ಟರು.

ನೆಲದ ಒಡಕೊಂದರ ಮೇಲೆ ಚಕ್ರ ಧಡಕ್ಕೆಂದಿತು. ಆಕೆ ತುಟಿ ಕಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಕೇಳಿದರು.

“ಪಿಂಗ್‌ಪಾಂಗ್ ಅಂದ್ರಲ್ಲ, ಅದು ನನಗಾ?”

ಆಯಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. “ಅಯ್ಯೋ, ಸುಮ್ನೆ ತಮಾಷೆಗಮ್ಮ...”

“ನಾನು ಸ್ಕೂಲಲ್ಲಿ ಆಟದ ಟೀಚರ್ ಆಗಿದ್ದೆ ಕಣಮ್ಮ. ಎಷ್ಟೋ ಮಕ್ಕಳಿಗೆ ಆ ಆಟ ಕಲಿಸಿದೀನಿ.” ಟೀಚರ್ ಉಸಿರೆಳೆದುಕೊಂಡರು. “ಹೆಸರೇನೋ ಚೆನ್ನಾಗೇ ಇದೆ. ಆದ್ರೆ ಚೆಂಡಿಗೆ ನೋವಾಗಲ್ಲ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆಯಾ ಹೇಗೋ ತಡೆದುಕೊಳ್ಳುತ್ತಿದ್ದಳು. ಮೊದಲು ಅವಳಿಗೆ ನಾಚಿಕೆಯಾಯಿತು. ಬೆಳಿಗ್ಗೆಯಿಂದ ಅತ್ತಿತ್ತ ತಳ್ಳುತ್ತಿದ್ದ ಕೈ ತನ್ನದೇ ಅಲ್ಲವೇ? ಆಮೇಲೆ ಮೈಯೆಲ್ಲ ಉರಿಯಿತು. ಲಿಫ್ಟಿನ ಎದುರಿಗೆ, ಕಾರಿಡಾರಿಗೆ ಅಡ್ಡಲಾಗಿ ಸ್ಟ್ರೆಚರ್ ತಿರುಗಿಸಿ, ಚಕ್ರದ ಬ್ರೇಕನ್ನು ಕಾಲಿನಿಂದ ಅದುಮಿದಳು.

“ಅಕ್ಕಾ, ದಾರಿ!” ಲಿಫ್ಟಣ್ಣ ಗಾಬರಿಯಾದ.

“ಹೋಗಿ ಇಬ್ಬರು ಡಾಕ್ಟರಿಗೂ ಹೇಳು. ಈ ಅಮ್ಮ ಇನ್ನು ಯಾವ ಕಡೆಗೂ ಬರಲ್ಲ, ಅವರೇ ಬರಬೇಕು ಅಂತ.”

“ತಲೆ ಕೆಟ್ಟಿದೆಯಾ ನಿಂಗೆ? ಕೆಲಸ ಹೋಗುತ್ತೆ!”

“ಹೋದ್ರೆ ಹೋಗ್ಲಿ. ಮೊದಲು ನೀನು ಹೋಗು.”

ಊಟದ ಗಾಡಿ ಬಂದು ನಿಂತಿತು. ಅದರ ಹಿಂದೆ ಬಟ್ಟೆಯ ಗಾಡಿ. ಗದ್ದಲ ಕೇಳಿ ಮೇಲ್ವಿಚಾರಕ ಓಡಿಬಂದ. “ಏಯ್, ತೆಗಿ ಗಾಡಿ! ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಆಯಾಳ ಗಂಡ ಕೆಲಸವಿಲ್ಲದೆ ಮನೆಯಲ್ಲಿ ಕೂತು ತಿಂಗಳುಗಳೇ ಆಗಿದ್ದವು. ಒಲೆ ಉರಿಯುತ್ತಿದ್ದದ್ದು ಇವಳ ಸಂಬಳದಿಂದ. ಆದರೂ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

“ನಾಳೆಯಿಂದ ಬರಲ್ಲ ಸಾರ್. ಇವತ್ತು ಮಾತ್ರ ಇಲ್ಲಿಂದ ಕದಲಲ್ಲ.”

ಮೊದಲು ಹೃದಯದ ಡಾಕ್ಟರು ಬಂದರು, ಹಿಂದೆಯೇ ಮೂಳೆ ಡಾಕ್ಟರು. ಇಬ್ಬರೂ ಸೇರಿ ಆಯಾಳನ್ನು ಗದರಿದರು. ಆಮೇಲೆ ಒಬ್ಬರನ್ನೊಬ್ಬರು ಗದರಿಕೊಂಡರು.

“ತುರ್ತು ಅಂತ ನೀವು ಹೇಳಬೇಕಿತ್ತು.”

“ಹೇಳಿ ಕಳಿಸಿದ್ದೆನಲ್ಲ! ನೀವು ನೋಡಿದ್ದು ಏನನ್ನ?” ಎಂದರು ಮೂಳೆ ಡಾಕ್ಟರು.

ಹೃದಯದ ಡಾಕ್ಟರು ಅಲ್ಲೇ ಬಗ್ಗಿ, ಟೀಚರ ಎದೆಗೆ ಸ್ಟೆತಾಸ್ಕೋಪ್ ಒತ್ತಿ ತುಂಬ ಹೊತ್ತು ಆಲಿಸಿದರು. “ನಾಳೆ ಬೆಳಿಗ್ಗೆ ಮಾಡಿಬಿಡಿ,” ಎಂದರು ಕೊನೆಗೆ. “ನಾನೂ ಒಳಗಿರ್ತೀನಿ.”

“ನಾಳೆ ಮೊದಲನೇ ಆಪರೇಷನ್ನೇ ಇವರದು—” ಎಂದು ಜೋರಾಗಿ ಶುರುಮಾಡಿದ ಮೂಳೆ ಡಾಕ್ಟರು ತಟ್ಟನೆ ದನಿ ತಗ್ಗಿಸಿದರು. ಮೇಲ್ವಿಚಾರಕನೂ ಬಾಯಿ ಮುಚ್ಚಿಕೊಂಡ.

ಕದಲದೆ ನಿಂತ ಸ್ಟ್ರೆಚರಿನ ಮೇಲೆ ಟೀಚರಿಗೆ ನಿದ್ದೆ ಹತ್ತಿತ್ತು.