ಹದಿನೈದನೆಯ ಮನೆ

ಪೆನ್ಷನ್ ಇಲ್ಲದ ಖಾಸಗಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದ ನರ್ಸು, ಕೊನೆಗೆ ಕೈಗೆ ಬಂದ ಗಂಟಿನಲ್ಲಿ ಬಾಡಿಗೆಗೆ ಕೊಡಲು ಒಂದು ಸಣ್ಣ ಮನೆ ಕೊಳ್ಳುತ್ತೇನೆ ಎಂದಾಗ ನೆಂಟರೆಲ್ಲ ಒಮ್ಮೆಲೇ ಬುದ್ಧಿವಂತರಾಗಿಬಿಟ್ಟರು. ಬುದ್ಧಿ ಹೇಳುವುದಕ್ಕೆ ಕಾಸು ಖರ್ಚಿಲ್ಲವಲ್ಲ! ಹೇಳಿದವರಲ್ಲಿ ವಿಷಯ ಗೊತ್ತಿದ್ದವನು ಒಬ್ಬನೇ, ಅವಳ ತಮ್ಮ. ಊರಿನ ಅರ್ಧ ಮನೆಗಳ ನಲ್ಲಿ, ಪೈಪು ಬಿಚ್ಚಿ ಜೋಡಿಸಿದವನು.

"ಅಕ್ಕಾ, ನೀನಿರೋಕಲ್ಲ ಮನೆ ತಗೊಳ್ತಿರೋದು. ಬಾಡಿಗೆಗೆ ಬರೋರ ಕಣ್ಣಲ್ಲಿ ನೋಡು," ಎಂದ. "ಬಸ್ಸು ಎಷ್ಟು ದೂರ, ನೀರು ಎಷ್ಟೊತ್ತು ಬರುತ್ತೆ, ಅದನ್ನ ಪಕ್ಕದ ಮನೆಯವರನ್ನ ಕೇಳು, ಬ್ರೋಕರ್‌ನ ಕೇಳ್ಬೇಡ. ಇರೋದನ್ನೆಲ್ಲ ಸುರೀಬೇಡ, ರಿಪೇರಿಗೆ ಅಂತ ಒಂದಿಷ್ಟು ಇಟ್ಕೋ. ಮಳೆ ಬಂದ ಮಾರನೇ ದಿನ ಒಂದ್ಸಲ ಹೋಗಿ ನೋಡು. ಮಾರೋಕೆ ಮುಂಚೆ ಯಾರಾದ್ರೂ ಹೊಸ ಬಣ್ಣ ಹೊಡೆಸಿದ್ರೆ, ಯಾಕೆ ಅಂತ ಕೇಳು."

ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳುವಂತೆ ಎಲ್ಲವನ್ನೂ ದುಂಡಗೆ ಬರೆದುಕೊಂಡಳು. ಹದಿನಾಲ್ಕು ಮನೆ ನೋಡಿದಳು. ಒಂದರಲ್ಲಿ ಬಚ್ಚಲು ನಾರುತ್ತಿತ್ತು, ಒಂದರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ, ಇನ್ನೊಂದರ ಮೆಟ್ಟಿಲು ಹತ್ತುವಷ್ಟರಲ್ಲಿ ಬ್ರೋಕರೇ ಎದೆ ಹಿಡಿದುಕೊಂಡ. ಅವಳು ಅಳೆದು ಸುರಿದು ನೋಡುವ ರೀತಿಗೆ ಅವನ ಚಪ್ಪಲಿ ಸವೆದುಹೋಯಿತು.

ಹದಿನೈದನೆಯ ಮನೆಯ ಬಾಗಿಲು ತೆರೆದದ್ದೇ ತಡ, ಅವಳು ನಿಂತಲ್ಲೇ ನಿಂತಳು. ಗೋಡೆಗಳು ಅಚ್ಚ ಬಿಳುಪು. ನೆಲಕ್ಕೆ ಫಿನಾಯಿಲ್ ಹಾಕಿ ಆಗಷ್ಟೇ ಒರೆಸಿದ್ದರು. ಬೇರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ, ಇವಳು ಎದೆ ತುಂಬ ಉಸಿರೆಳೆದುಕೊಂಡಳು. ಬಣ್ಣ ಬಳಿದು ಫಿನಾಯಿಲ್ ಒರೆಸಿದ ಕೋಣೆಯೆಂದರೆ ಅವಳ ಲೆಕ್ಕದಲ್ಲಿ ರೋಗ ಬಿಟ್ಟುಹೋದ ಕೋಣೆ. ವಾರ್ಡಿನಲ್ಲಿ ಅದು ನಿಜವೂ ಆಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವಳಿಗೇನು ಗೊತ್ತಿರಲಿಲ್ಲವೇ? ಆದರೆ ಮೂಗು ಗಾದೆ ಕೇಳುವುದಿಲ್ಲ. ತಮ್ಮ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದ. ಇನ್ನೊಬ್ಬರು ಮುಂಗಡ ಹಿಡಿದು ಕಾಯ್ತಿದ್ದಾರೆ ಎಂದ ಬ್ರೋಕರ್. ಅವಳು ಮಳೆಗೆ ಕಾಯಲಿಲ್ಲ. ರಿಪೇರಿಗೆಂದು ತೆಗೆದಿಟ್ಟದ್ದೂ ಆ ಮನೆಯ ಬೆಲೆಯಲ್ಲೇ ಕರಗಿತು.

ರಿಜಿಸ್ಟ್ರೇಷನ್ ಮುಗಿದ ತಿಂಗಳಿಗೆ ಮಳೆ ಹಿಡಿಯಿತು. ಮಲಗುವ ಕೋಣೆಯ ಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದು ಒಡೆದು, ಒಳಗಿನ ಕಪ್ಪು ಬೂಷ್ಟು ಹೊರಬಂತು. ತಮ್ಮ ಬಂದು ಗೋಡೆ ಬಡಿದು ನೋಡಿದ. ಹೊಸ ಬಣ್ಣದ ಮಾತನ್ನು ಅವನು ಎತ್ತಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ಹೊರಗೋಡೆ ನೀರು ಕುಡೀತಿದೆ ಅಕ್ಕಾ. ಪೂರ್ತಿ ಕಿತ್ತು ಗಾರೆ ಮಾಡಿಸ್ಬೇಕು. ಅಲ್ಲೀವರೆಗೂ ಯಾರಿಗೂ ಕೊಡ್ಬೇಡ."

ಕೊಡದಿದ್ದರೆ ತಿನ್ನುವುದೇನು? ಆ ಬಾಡಿಗೆ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ನಾಲ್ಕು ತಿಂಗಳ ಬಾಡಿಗೆ ಬರಲಿ, ಆಮೇಲೆ ಗಾರೆ ಮಾಡಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೂಲೆಯನ್ನು ಕೆರೆದು, ಮತ್ತೆ ಬಳಿದು, ತನ್ನ ಮನೆಯ ಬಟ್ಟೆ ಬೀರುವನ್ನು ಸಾಗಿಸಿ ತಂದು ಅಡ್ಡ ನಿಲ್ಲಿಸಿದಳು. ತಮ್ಮನಿಗೆ ಹೇಳಲಿಲ್ಲ.

ಬಾಡಿಗೆಗೆ ಬಂದವರು ಬೇಕರಿಯಲ್ಲಿ ಕೆಲಸ ಮಾಡುವ ಗಂಡ, ಹೆಂಡತಿ, ಒಂದೂವರೆ ವರ್ಷದ ಹೆಣ್ಣುಮಗು. ಬೀರು ನೋಡಿ ಹೆಂಡತಿಗೆ ಹಿಗ್ಗೋ ಹಿಗ್ಗು. "ಬೀರು ನಮಗೇನಾ ಸಿಸ್ಟರ್? ಇಂಥ ಓನರು ಎಲ್ಲಿ ಸಿಗ್ತಾರೆ ಹೇಳಿ!" ಎಂದಳು. ನರ್ಸು ಕೀಲಿ ಕೈಗಿತ್ತು ಬೇಗ ಬೇಗ ಮೆಟ್ಟಿಲಿಳಿದಳು.

ಮೂರನೆಯ ತಿಂಗಳ ಬಾಡಿಗೆಗೆಂದು ಹೋದಾಗ ಬಾಗಿಲಾಚೆಗೇ ಕೆಮ್ಮು ಕೇಳಿಸಿತು. ಕೇಳಿದ್ದೇ ಅವಳಿಗೆ ತಿಳಿದುಹೋಯಿತು. ಆದರೂ ಒಳಗೆ ಹೋಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನಿಗೆ ಕಿವಿಯಿಟ್ಟಳು. ಎದೆಯೊಳಗೆ ಸಣ್ಣಗೆ ಸಿಳ್ಳೆ. ಪಕ್ಕೆಯೆಲುಬುಗಳು ಒಂದೊಂದು ಉಸಿರಿಗೂ ಒಳಕ್ಕೆ ಹೋಗಿ ಬರುತ್ತಿದ್ದವು.

"ಡಾಕ್ಟ್ರು ಮೂರು ಸಲ ಔಷಧಿ ಬದಲಾಯಿಸಿದ್ರು ಸಿಸ್ಟರ್," ಎಂದಳು ತಾಯಿ. "ಮನೇಲಿ ತೇವ ಇದ್ಯಾ, ಬೂಷ್ಟು ಇದ್ಯಾ ಅಂತ ಕೇಳಿದ್ರು. ನಾನು ನಕ್ಕುಬಿಟ್ಟೆ. ನಮ್ಮ ಓನರು ಮಕ್ಕಳ ವಾರ್ಡಿನ ಸಿಸ್ಟರು, ಅವ್ರು ಅಂಥ ಮನೆ ಕೊಡ್ತಾರಾ ಅಂದೆ."

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಹವೆ ಬದಲಾಗಿದೆ ಅಷ್ಟೇ, ದೊಡ್ಡ ಡಾಕ್ಟರಿಗೆ ತೋರಿಸಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಆ ತಾಯಿ ನಂಬುತ್ತಿದ್ದಳು ಕೂಡ. ಅಷ್ಟರಲ್ಲಿ ಮಗು ಮತ್ತೆ ಕೆಮ್ಮಿತು. ಕೆಮ್ಮಿ, ದಣಿದು, ಅವಳ ಭುಜಕ್ಕೆ ತಲೆಯಾನಿಸಿತು.

"ಆ ಬೀರು ಸ್ವಲ್ಪ ಸರಿಸಮ್ಮ," ಎಂದಳು ನರ್ಸು.

ತಾಯಿ ಅರ್ಥವಾಗದೆ ಎದ್ದುಹೋಗಿ ಬೀರು ಎಳೆದಳು. ನೆಲದಿಂದ ಸೊಂಟದೆತ್ತರಕ್ಕೆ ಗೋಡೆ ಕಪ್ಪಾಗಿತ್ತು. ಮಗುವಿನ ಹಾಸಿಗೆ ಅಲ್ಲಿಂದ ಎರಡು ಮೊಳ ದೂರವೂ ಇರಲಿಲ್ಲ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು, ಬೆರಳನ್ನು ಮೂಸಿದಳು. ಆಮೇಲೆ ನಿಧಾನಕ್ಕೆ ಇತ್ತ ತಿರುಗಿದಳು.

"ನಿಮಗೆ ಗೊತ್ತಿತ್ತಾ ಸಿಸ್ಟರ್?"

"ಗೊತ್ತಿತ್ತು."

ಬೈಯುತ್ತಾಳೆ, ಕೂಗಾಡುತ್ತಾಳೆ ಎಂದು ನರ್ಸು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಾಯಿ ನಾಲ್ಕು ಹೆಜ್ಜೆಯಲ್ಲಿ ಬಂದು ಮಗುವಿನ ಕಂಕುಳಿಗೆ ಕೈಹಾಕಿದಳು. ಜ್ವರದಲ್ಲಿ ಬೇಯುವ ಮಕ್ಕಳನ್ನು, ಇನ್ನು ಉಳಿಯವು ಎಂಬ ಮಕ್ಕಳನ್ನು ಕೂಡ ತಾಯಂದಿರು ನಂಬಿ ನರ್ಸಿನ ಕೈಗೆ ಕೊಟ್ಟು ಹೋಗಿದ್ದುಂಟು. ಅವಳ ಕೈಯಿಂದ ಮಗುವನ್ನು ಕಿತ್ತುಕೊಂಡ ತಾಯಿ ಇವಳೇ ಮೊದಲು.