ಜೇಬಿನಲ್ಲಿಟ್ಟ ಕೈ

ನಮ್ಮಪ್ಪನ ಕೈ ಮಣಿಕಟ್ಟಿನವರೆಗೆ ನೀಲಿ. ಬಟ್ಟೆಗೆ ಬಣ್ಣ ಹಾಕುವ ಕೆಲಸ; ಎಷ್ಟು ತಿಕ್ಕಿದರೂ ಬಣ್ಣ ಹೋಗುವುದಿಲ್ಲ. ಚಿಕ್ಕವಳಿದ್ದಾಗ ಮಾರುಕಟ್ಟೆಯ ಜಂಗುಳಿಯಲ್ಲಿ ಆ ಕೈ ನೋಡಿಯೇ ಅಪ್ಪನನ್ನು ಪತ್ತೆ ಹಚ್ಚುತ್ತಿದ್ದೆ.

ಅದನ್ನು ಬಚ್ಚಿಡಬೇಕು ಎಂದವನು ನಾನೇ ಮೆಚ್ಚಿದ ಹುಡುಗ. ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವನು.

"ನಿಮ್ಮದು ಬಟ್ಟೆ ವ್ಯಾಪಾರ ಅಂತ ಅಮ್ಮಂಗೆ ಹೇಳಿದೀನಿ. ಭಾನುವಾರ ನಾವು ಹೆಣ್ಣು ನೋಡೋಕೆ ಬಂದಾಗ ಅಪ್ಪನ ಕೈ ಕಾಣದ ಹಾಗೆ ಒಂಚೂರು ನೋಡ್ಕೋ," ಎಂದ.

"ಅದೆಲ್ಲ ಆಗಲ್ಲ," ಎಂದೆ. ನಕ್ಕ. ಮಾತು ಮುಗಿಯಿತೆಂದುಕೊಂಡರೆ, ಅವನು ಸಂಜೆಯೇ ನಮ್ಮಣ್ಣನ ಕಿವಿ ಊದಿದ್ದ.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಣ್ಣನದೇ ಕಾರುಬಾರು. ಭಾನುವಾರ ನಾನು ಅಲಂಕಾರ ಮುಗಿಸಿ ಹೊರಬರುವಷ್ಟರಲ್ಲಿ ಮಹಾರಾಯ ಬ್ಲೀಚಿಂಗ್ ಪುಡಿ ಕಲಸಿ ಅಪ್ಪನ ಕೈ ಅದ್ದಿಸಿದ್ದ. ಚರ್ಮ ಸುಲಿದಿತ್ತು, ನೀಲಿ ಹಾಗೇ ಇತ್ತು. ಬಾಗಿಲ ಮುಂದೆ ಹುಡುಗನ ಮನೆಯವರ ಕಾರು ನಿಂತಿತು.

"ಜೇಬಲ್ಲಿಟ್ಕೊಳಪ್ಪಾ, ತೆಗೀಬೇಡ," ಎಂದ ಅಣ್ಣ.

ಹುಡುಗನ ತಾಯಿ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು. ಅಪ್ಪ ಎರಡೂ ಕೈ ಜೇಬಿಗಿಳಿಸಿ ಗೋಡೆಗೊರಗಿ ನಿಂತ. ಅವನ ಪಾಲಿನ ಚಹಾ ಕೆನೆಗಟ್ಟಿತು.

"ನಿಮ್ಮ ತಂದೆ ಗತ್ತೇ ಬೇರೆ ಕಣಮ್ಮಾ. ದೊಡ್ಡ ಮನೆತನ ಅಂತ ನಿಂತಿರೋದ್ರಲ್ಲೇ ಗೊತ್ತಾಗುತ್ತೆ," ಎಂದರು ಅವರು.

ಅಣ್ಣ ಹಲ್ಲು ಕಿರಿದ. ಹುಡುಗ ನನ್ನತ್ತ ಕಣ್ಣು ಹೊಡೆದ. ಥೂ! ಇಂಥವನ ಪಕ್ಕದಲ್ಲಿ ಕೂತು ಇಷ್ಟು ದಿನ ಊಟ ಮಾಡಿದ್ದೆನಲ್ಲ ಎಂದು ಅಸಹ್ಯವಾಯಿತು.

ಲೋಟ ಎತ್ತಿಕೊಂಡು ಅಪ್ಪನ ಮುಂದೆ ಹಿಡಿದೆ. "ಆರಿ ಹೋಗ್ತಿದೆ, ಕುಡಿಯಪ್ಪಾ."

ಅಪ್ಪ ಅಣ್ಣನ ಮುಖ ನೋಡಿದ, ಆಮೇಲೆ ಹುಡುಗನ ಮುಖ. ಸ್ವಂತ ಮನೆಯಲ್ಲಿ ಒಂದು ಲೋಟ ಚಹಾಕ್ಕೆ ಅಪ್ಪಣೆ ಬೇಕಿತ್ತು! ನಾನು ಲೋಟ ಇಳಿಸಲಿಲ್ಲ. ಕೊನೆಗೆ ಕೈ ಹೊರಗೆ ಬಂತು, ಸುಲಿದು ಕೆಂಪಾಗಿ, ಬಿರುಕುಗಳಲ್ಲೆಲ್ಲ ನೀಲಿ ಉಳಿದು.

ಹುಡುಗನ ತಾಯಿ ತಾವು ಕುಡಿಯುತ್ತಿದ್ದ ಲೋಟವನ್ನು ದೂರ ಸರಿಸಿದರು. "ಅಯ್ಯೋ, ಏನಿದು ರೋಗ?"

"ರೋಗ ಅಲ್ಲ. ಅಪ್ಪ ಬಟ್ಟೆಗೆ ಬಣ್ಣ ಹಾಕ್ತಾರೆ," ಎಂದೆ.

ಹುಡುಗ ಸಿಡುಕಿದ್ದು ನನ್ನ ಮೇಲಲ್ಲ, ಅಪ್ಪನ ಮೇಲೆ. "ಒಂದು ಗಳಿಗೆ ಜೇಬಲ್ಲಿಟ್ಕೊಂಡಿರೋಕೆ ಆಗಲಿಲ್ವೇನ್ರೀ ನಿಮಗೆ?"

"ತಪ್ಪಾಯ್ತು ಸಾರ್," ಎಂದ ಅಪ್ಪ. ಅಳಿಯನಾಗುವವನಿಗೆ ಸಾರ್!

ಕೈ ಮತ್ತೆ ಜೇಬಿಗೆ ಹೋಗುವುದರೊಳಗೆ ಅಪ್ಪನ ತೋಳು ಹಿಡಿದುಕೊಂಡೆ.

"ಎದ್ದೇಳು," ಎಂದೆ ಹುಡುಗನಿಗೆ. "ಈ ಮನೇಲಿ ನಿನಗೆ ಹೆಣ್ಣಿಲ್ಲ. ಅಮ್ಮನ್ನ ಕರ್ಕೊಂಡು ಹೊರಡು."

ಅವರು ಹೊಸ್ತಿಲು ದಾಟುತ್ತಿದ್ದರು. ಅಪ್ಪ ಅವರಿಗೆ ಕೈಮುಗಿಯಲೆಂದು ನನ್ನ ಹಿಡಿತ ಬಿಡಿಸಿಕೊಳ್ಳುತ್ತಿದ್ದ.