ಬಾಲದ ಕೆಂಪು ಗೌಸು

ರಾಕ್ಷಸನ ಪ್ರಾಣ ರಾಕ್ಷಸನ ಎದೆಯಲ್ಲಿ ಇರುವುದಿಲ್ಲ. ಏಳು ಸಮುದ್ರದಾಚೆ, ಯಾವುದೋ ಮರದ ಪೊಟರೆಯಲ್ಲಿ, ಅಂಗೈಯಷ್ಟು ಗಿಣಿಯ ಕೊರಳಲ್ಲಿ ಇರುತ್ತದೆ. ಅಜ್ಜಿ ಹೇಳಿದ ಈ ಕಥೆಯನ್ನು ಅಕ್ಕ ತಮ್ಮ ಒಂದೇ ಚಾಪೆಯ ಮೇಲೆ ಮಲಗಿ ಕೇಳಿದವರು. ದೊಡ್ಡವರಾದ ಮೇಲೆ ಅಕ್ಕ ದರ್ಜಿಯಾದಳು, ತಮ್ಮ ವಿಮಾನದ ಮೆಕ್ಯಾನಿಕ್ ಆದ. ಚಾಪೆ ಹರಿದುಹೋಯಿತು, ಕಥೆ ಹರಿಯಲಿಲ್ಲ.

"ವಿಮಾನದ್ದೂ ಅದೇ ಕಥೆ ಕಣಕ್ಕ," ಎಂದಿದ್ದ ತಮ್ಮ, ಕೆಲಸಕ್ಕೆ ಸೇರಿದ ಹೊಸತರಲ್ಲಿ. "ರೆಕ್ಕೆ ಕೆಳಗೆ ನೇತಾಡ್ತಾವಲ್ಲ ದೊಡ್ಡ ಎಂಜಿನ್‌ಗಳು, ಅವು ಕುಂಭಕರ್ಣರು. ತಾವಾಗಿ ಏಳೋ ಪೈಕಿ ಅಲ್ಲ."

"ಮತ್ತೆ ಎಬ್ಬಿಸೋರು ಯಾರು?"

"ಬಾಲದ ತುದೀಲಿ ಪುಟ್ಟದೊಂದು ಎಂಜಿನ್ ಇದೆ. ಎ.ಪಿ.ಯು. ಅಂತೀವಿ. ಬ್ಯಾಟರಿ ಅದನ್ನ ಎಬ್ಬಿಸುತ್ತೆ. ಅದು ಗಾಳಿ ಎಳ್ಕೊಂಡು, ಅದುಮಿ, ಕೊಳವೇಲಿ ಮುಂದಕ್ಕೆ ಕಳಿಸುತ್ತೆ. ಆ ಗಾಳಿ ಹೊಡೆತಕ್ಕೆ ದೊಡ್ಡದು ತಿರುಗೋಕೆ ಶುರು ಮಾಡುತ್ತೆ. ನೆಲದ ಮೇಲೆ ನಿಂತಾಗ ದೀಪ, ತಂಪು ಗಾಳಿ ಎಲ್ಲಾ ಅದರದ್ದೇ. ಮೇಲಕ್ಕೆ ಹೋದ್ಮೇಲೆ ಯಾರೂ ಕೇಳಲ್ಲ, ಆರಿಸಿಬಿಡ್ತಾರೆ."

"ಮನೆಗೆ ಹಿರೀ ಮಗಳಿದ್ದ ಹಾಗೆ ಅನ್ನು," ಎಂದು ಅಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದ್ದಳು.

ಅವರ ಮನೆ ಮೂರನೇ ಮಹಡಿಯಲ್ಲಿ. ಹೊಲಿಗೆ ಯಂತ್ರ ಕಿಟಕಿಗೆ ಒರಗಿಕೊಂಡಿತ್ತು. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ತಂತಿಬೇಲಿ, ಬೇಲಿಯಾಚೆ ವಿಮಾನಗಳ ಬಯಲು. ವಿಮಾನ ನೋಡುವ ಹುಚ್ಚನ್ನು ಅವಳಿಗೆ ಹಿಡಿಸಿದವರು ಪಕ್ಕದ ಮನೆಯ ದುರ್ಬೀನು ಮೇಷ್ಟ್ರು. ನಿವೃತ್ತರಾದ ಮೇಲೆ ಅವರ ಕೊರಳಿನಿಂದ ದುರ್ಬೀನು ಇಳಿದದ್ದನ್ನು ಕಂಡವರಿಲ್ಲ. ಬಾಲದ ಮೇಲಿನ ನೋಂದಣಿ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು, ಇಷ್ಟನ್ನು ಬರೆಯಬೇಕೆಂದು ಅವರೇ ಕಲಿಸಿ, ಹಳೆಯದೊಂದು ದುರ್ಬೀನನ್ನೂ ಅವಳಿಗೆ ಕೊಟ್ಟಿದ್ದರು. ಅಕ್ಕ ತನ್ನದೊಂದು ಕಲಂ ಸೇರಿಸಿಕೊಂಡಿದ್ದಳು: ಬಾಲದ ಹಿಂದೆ ಬಿಸಿಯ ಅಲೆ ಕುಣಿಯುತ್ತಿದೆಯೇ, ಇಲ್ಲವೇ. ಕುಣಿಯುತ್ತಿದ್ದರೆ ಪುಟ್ಟದು ಎಚ್ಚರವಾಗಿದೆ. ಗಿರಾಕಿಗಳ ಎದೆ ಸೊಂಟದ ಅಳತೆಗಳ ನಡುವೆಯೇ ಈ ಲೆಕ್ಕವೂ ಒಂದೇ ಪುಸ್ತಕದಲ್ಲಿ ಹೊಂದಿಕೊಂಡು ಬಾಳುತ್ತಿತ್ತು.

ಎರಡು ವರ್ಷದ ಹಿಂದೆ ತಮ್ಮನ ಕಂಪನಿ ಮುಚ್ಚಿತು. ವಿಮಾನಗಳು ಒಂದೊಂದಾಗಿ ಬೇರೆಯವರ ಬಣ್ಣ ಬಳಿದುಕೊಂಡು ಹಾರಿಹೋದವು. ವಯಸ್ಸಾದದ್ದೊಂದು ಮಾತ್ರ ಬಯಲಿನ ಮೂಲೆಯಲ್ಲಿ, ಅಕ್ಕನ ಕಿಟಕಿಗೆ ಬಾಲ ತೋರಿಸಿಕೊಂಡು ಉಳಿಯಿತು. ತಮ್ಮ ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಸೇರಿದ. ತಿಂಗಳಿಗೊಮ್ಮೆ ಮಾತ್ರ ಅವನನ್ನು ಒಳಗೆ ಬಿಡುತ್ತಿದ್ದರು. ಚಕ್ರ ಸ್ವಲ್ಪ ಉರುಳಿಸಿ, ಬ್ಯಾಟರಿ ತುಂಬಿಸಿ, ಪುಟ್ಟ ಎಂಜಿನನ್ನು ಐದು ನಿಮಿಷ ಓಡಿಸಿ ಬರುತ್ತಿದ್ದ. ಆ ದಿನ ಅವನ ಕೈಯಲ್ಲಿ ಬೇರೆಯದೇ ಎಣ್ಣೆಯ ವಾಸನೆ. ಆ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಬಾಲದ ಹೊಗೆಬಾಯಿಗೆ ಮುಚ್ಚುತ್ತಿದ್ದ ಹಳೆಯ ಗೌಸು ಚಿಂದಿಯಾದಾಗ, ಅಕ್ಕ ಕೆಂಪು ಟಾರ್ಪಾಲಿನಲ್ಲಿ ಹೊಸದನ್ನು ಹೊಲಿದುಕೊಟ್ಟಳು. ನಾಲ್ಕು ಪಟ್ಟಿ, ಜೋಡಿ ಹೊಲಿಗೆ.

"ಗಾಳಿಗೆ ಕಿತ್ಕೊಂಡು ಹೋಗಲ್ಲ ತಾನೆ?"

"ಆನೆ ಕಟ್ಟಿ ಎಳೆಸು, ನನ್ನ ಹೊಲಿಗೆ ಬಿಟ್ರೆ ಕೇಳು."

ಹೀಗಿರುವಾಗ ಸರಕು ಸಾಗಿಸುವ ಕಂಪನಿಯೊಂದು ಆ ವಿಮಾನವನ್ನು ಕೇಳಿಕೊಂಡು ಬಂತು. ತಿಂಗಳೊಳಗೆ ಬಂದು ನೋಡುತ್ತೇವೆ, ನಮ್ಮ ಕಣ್ಣೆದುರು ಎದ್ದರೆ ಕೊಳ್ಳುತ್ತೇವೆ, ಅದನ್ನು ಬಲ್ಲ ಮೆಕ್ಯಾನಿಕ್ಕನ್ನೂ ಜೊತೆಗೇ ಕರೆದೊಯ್ಯುತ್ತೇವೆ ಎಂದಿತು. ಹೊರಗಿನಿಂದ ಗಾಳಿ ಊದಿ ದೊಡ್ಡ ಎಂಜಿನನ್ನು ಎಬ್ಬಿಸುವ ಗಾಡಿ ಹಳೆಯ ಕಂಪನಿ ಮುಚ್ಚಿದಾಗಲೇ ಮಾರಾಟವಾಗಿತ್ತು. ಇನ್ನು ಬಾಲದ ಪುಟ್ಟದೇ ಗತಿ. ಅದು ಎದ್ದರೆ ವಿಮಾನವೂ ತಮ್ಮನೂ ಹೊರಡುತ್ತಾರೆ. ಏಳದಿದ್ದರೆ ಅದು ಗುಜರಿಗೆ, ಇವನು ಪಂಪಿಗೆ.

ಆ ಸುದ್ದಿ ಬಂದ ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಕಿಟಕಿ ತೆರೆದಾಗ ಬಾಲದಲ್ಲಿ ಕೆಂಪು ಇರಲಿಲ್ಲ.

ಮೇಷ್ಟ್ರು ಕಲಿಸಿದ ಮೊದಲ ಪಾಠವೇ ಅದು: ಕೆಂಪು ಬಟ್ಟೆ ಇದ್ದರೆ ನಿದ್ದೆ, ಕೆಂಪು ಬಟ್ಟೆ ತೆಗೆದರೆ ಪ್ರಯಾಣ. ಅಕ್ಕನ ಎದೆ ಹಗುರಾಯಿತು. ಯಾರೋ ಒಳಗಿನವರು ತಯಾರಿ ಶುರು ಮಾಡಿದ್ದಾರೆ. ತಮ್ಮನಿಗೆ ಗೊತ್ತಿದ್ದೂ ಹೇಳಿಲ್ಲ, ಕಳ್ಳ. ಇರಲಿ, ಬಾಯಿ ಬಿಟ್ಟರೆ ಕನಸು ಕೆಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ಗಾಳಿ ಕಿತ್ತುಕೊಂಡು ಹೋಗಿರಬಹುದು ಎಂಬುದು ಅವಳ ಮನಸ್ಸಿನ ಹೊಸ್ತಿಲನ್ನೂ ತುಳಿಯಲಿಲ್ಲ. ಅವಳ ಹೊಲಿಗೆ ಬಿಡುವುದುಂಟೇ? ಪುಸ್ತಕದಲ್ಲಿ ತಾರೀಖು ಹಾಕಿ ಬರೆದಳು: "ಬಾಲದ ಗೌಸು ತೆಗೆದಿದ್ದಾರೆ. ಶುಭ."

ವಾರ ಕಳೆದ ಮೇಲೆ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನಮ್ಮಾ, ನಿನ್ನ ವಿಮಾನದ ಹಿಂದೆ ಮೈನಾಗಳ ಓಡಾಟ ಜೋರಾಗಿದೆಯಲ್ಲ. ಟಿಕೆಟ್ ತಗೊಂಡಿದ್ದಾವಾ?" ಎಂದರು.

"ನಾವು ಬರೆಯೋದು ದೊಡ್ಡ ಹಕ್ಕಿಗಳನ್ನ ಮಾತ್ರ ಅಲ್ವಾ ಮೇಷ್ಟ್ರೇ. ಮೈನಾಗೆ ನೋಂದಣಿ ಸಂಖ್ಯೆ ಎಲ್ಲಿದೆ?"

ಇಬ್ಬರೂ ನಕ್ಕರು. ಮೈನಾದ ಕೊಕ್ಕಿನಲ್ಲಿ ಒಣಹುಲ್ಲಿನ ಎಳೆ ಇದ್ದದ್ದು ದುರ್ಬೀನಿನಲ್ಲಿ ಅಕ್ಕನಿಗೆ ಚೆನ್ನಾಗಿಯೇ ಕಂಡಿತ್ತು. ರವಿಕೆಗೆ ತೋಳು ಕೂಡಿಸುವ ಗಡಿಬಿಡಿ, ಅದನ್ನು ಕಣ್ಣು ನೋಡಿತು, ಮನಸ್ಸು ನೋಡಲಿಲ್ಲ.

ಗೌಸು ಕಾಣೆಯಾದ ಮೂರು ವಾರಕ್ಕೆ ಕೊಳ್ಳುವವರು ಬಂದರು. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದ. ಹತ್ತು ಗಂಟೆಗೆ ಅಕ್ಕನ ಫೋನು ಬಡಿದುಕೊಂಡಿತು. ಕಂಪನಿ ಮುಚ್ಚಿದ ಮೇಲೆ ಅವರಿಬ್ಬರ ಪದ್ಧತಿಯೇ ಹಾಗೆ. ಮುಂದೆ ಕೂತವನಿಗೆ ಬಾಲ ಕಾಣುವುದಿಲ್ಲ. ಹೊರಗೆ ನಿಂತು ನೋಡಿ ಹೇಳಲು ಬೇರೆ ಆಳಿಲ್ಲ. ಅಕ್ಕನ ಕಿಟಕಿಯೇ ಅವನ ಬೆನ್ನಿನ ಕಣ್ಣು.

"ಅಕ್ಕಾ, ಕಾಣ್ತಿದೆಯಾ?"

"ಮದುಮಗಳ ಹಾಗೆ ಕಾಣ್ತಿದೆ."

"ಹಿಂದಿನ ಗೌಸು ಇಲ್ಲ ತಾನೆ? ಬೆಳಿಗ್ಗೆ ಕೊಕ್ಕೆ ಕೋಲಲ್ಲಿ ಎಳೆದು ತೆಗಿ ಅಂತ ಕಾವಲುಗಾರನಿಗೆ ಹೇಳಿದ್ದೆ. ಏಣಿ ಗಾಡೀನೂ ಮಾರಿಬಿಟ್ಟಿದ್ದಾರೆ, ಮೇಲೆ ಹತ್ತಿ ಒಳಗೆ ನೋಡೋಕಾಗ್ಲಿಲ್ಲ."

ಬೆಳಿಗ್ಗೆಯೇ? ಅಕ್ಕನ ನಾಲಿಗೆಯ ತುದಿಗೆ ಒಂದು ಮಾತು ಬಂದು ಕೂತಿತು. ಅದನ್ನು ತೆಗೆದು ಮೂರು ವಾರವಾಯಿತಲ್ಲೋ. ಆದರೆ ಫೋನಿನ ಆ ಕಡೆ ಯಾರೋ ಕೆಮ್ಮಿದರು, ಯಾರೋ ಗಡಿಯಾರದ ಮಾತಾಡಿದರು. ಒಳ್ಳೆಯ ಗಳಿಗೆಯಲ್ಲಿ ಅಡ್ಡಮಾತು ಯಾಕೆ ಎಂದುಕೊಂಡಳು.

"ಇಲ್ಲ. ತೆಗೆದಾಗಿದೆ," ಎಂದಳು.

"ಸರಿ. ಅಲೆ ಬಂದ ತಕ್ಷಣ ಹೇಳು."

ಅವಳು ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡಳು. ಬಾಲದ ಅಂಚು ಮೆಲ್ಲಗೆ ಬಳುಕಿತು, ನೀರಿನಲ್ಲಿ ಕಂಡಂತೆ. "ಬಂತು," ಎಂದಳು. "ಬಂತು ಕಣೋ." ಆ ಕಡೆಯಿಂದ ತಮ್ಮನ ಉಸಿರು ಕೇಳಿಸಿತು. ಅಷ್ಟು ದೊಡ್ಡ ಉಸಿರನ್ನು ಅವನು ಎರಡು ವರ್ಷದಿಂದ ಬಿಟ್ಟಿರಲಿಲ್ಲ.

ಆಮೇಲೆ ಅಲೆ ಕಪ್ಪಾಯಿತು. ಹೊಗೆಬಾಯಿಯಿಂದ ಹೊತ್ತಿದ ಹುಲ್ಲಿನ ಉಂಡೆಯೊಂದು ಹಾರಿ ನೆಲಕ್ಕೆ ಬಿತ್ತು, ಹಿಂದೆಯೇ ಇನ್ನೊಂದು. ಬಾಲದ ಬಣ್ಣ ಗುಳ್ಳೆಯೆದ್ದು ಸುಲಿಯತೊಡಗಿತು. ಫೋನಿನಲ್ಲಿ ಅಪಾಯದ ಗಂಟೆಯೊಂದು ಬಡಿದುಕೊಳ್ಳುತ್ತಿತ್ತು. ತಮ್ಮ ಯಾರಿಗೋ, "ಇಳೀರಿ, ಇಳೀರಿ," ಎನ್ನುತ್ತಿದ್ದ. ಬೆಂಕಿಗಾಡಿ ಬಂದು ಬಾಲವನ್ನು ಬಿಳಿ ನೊರೆಯಲ್ಲಿ ಮುಳುಗಿಸಿತು. ಎರಡು ಮೈನಾಗಳು ಆ ನೊರೆಯ ಮೇಲೆ ಅರಚುತ್ತ ಸುತ್ತು ಹಾಕಿದವು.

ಕೊಳ್ಳುವವರು ಮಧ್ಯಾಹ್ನದೊಳಗೆ ಹೊರಟುಹೋದರು. ಯಾರಿಗೂ ಪೆಟ್ಟಾಗಿರಲಿಲ್ಲ.

ತಮ್ಮ ಸಂಜೆ ಬಂದ. ಕೈಯಲ್ಲಿ ಕೆಸರು ಮೆತ್ತಿದ ಕೆಂಪು ಗೌಸು. ಬೇಲಿಯ ಪಕ್ಕದ ಚರಂಡಿಯಲ್ಲಿ ಸಿಕ್ಕಿತಂತೆ. ಬೆಳಿಗ್ಗೆ ಹೋಗಿ ನೋಡಿದಾಗ ಗೌಸು ಇರಲೇ ಇಲ್ಲ, ನೀವೇ ತೆಗೆದಿರಬೇಕು ಅಂದುಕೊಂಡೆ ಎಂದನಂತೆ ಕಾವಲುಗಾರ. ಅಕ್ಕ ಗೌಸನ್ನು ಮಡಿಲಿಗೆ ಎಳೆದುಕೊಂಡು ಪಟ್ಟಿಗಳನ್ನು ತಡವಿದಳು. ಜೋಡಿ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಹೊಲಿಗೆಯ ಪಕ್ಕದಲ್ಲಿ ಟಾರ್ಪಾಲೇ ಉದ್ದಕ್ಕೆ ಸೀಳಿತ್ತು.

"ಹಕ್ಕಿ ಗೂಡು ಕಟ್ಟಿ ಹುಲ್ಲು ತುಂಬೋಕೆ ದಿನ ಬೇಕಲ್ಲಕ್ಕ," ಎಂದ ತಮ್ಮ ನೆಲ ನೋಡುತ್ತ. "ನಿನ್ನೆ ಮೊನ್ನೆ ಬಿದ್ದಿದ್ರೆ ಅಷ್ಟು ತುಂಬ್ತಿರಲಿಲ್ಲ. ಯಾವಾಗ ಬಿತ್ತೋ."

ಪುಸ್ತಕ ಯಂತ್ರದ ಮೇಲೆ ಎಂದಿನಂತೆ ತೆರೆದೇ ಇತ್ತು. ತಮ್ಮ ಅದನ್ನು ಎತ್ತಿಕೊಂಡ. ಯಾವಾಗ ಏನು ಹಾರಿತು ಎಂದು ತಿಳಿಯಬೇಕಾದಾಗಲೆಲ್ಲ ಅವನು ಆ ಪುಸ್ತಕವನ್ನೇ ನೋಡುತ್ತಿದ್ದ. ಒಂದು ಹಾಳೆ ಹಿಂದಕ್ಕೆ, ಇನ್ನೊಂದು ಹಾಳೆ ಹಿಂದಕ್ಕೆ. ಯಾರದೋ ತೋಳಿನ ಅಳತೆಯ ಕೆಳಗೆ ಅವನ ಬೆರಳು ನಿಂತಿತು.

"ಬರೆದಿಟ್ಟಿದ್ದೀಯಲ್ಲ," ಎಂದ.

"ನೀನೇ ತೆಗೆಸಿದ್ದು ಅಂತ..." ಎಂದಳು ಅಕ್ಕ. "ಹೇಳಿದ್ರೆ ಕೆಟ್ಟು ಹೋಗುತ್ತೆ ಅಂತ ಸುಮ್ನಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳು ಅಳಬಹುದಿತ್ತು. ಪುಸ್ತಕವನ್ನು ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು, ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು.

ಮರುದಿನ ಅವನು ಪಂಪಿನ ಅಂಗಡಿಗೆ ಹೋದ. ಅದರ ಮರುದಿನವೂ ಹೋದ. ತಿಂಗಳ ಕೊನೆಗೆ ಗುಜರಿಯವರು ಬಂದು ವಿಮಾನವನ್ನು ಬಾಲದಿಂದಲೇ ಕೊಯ್ಯತೊಡಗಿದರು. ಕಿಟಕಿ ಮುಚ್ಚಿದರೂ ಗರಗಸದ ಸದ್ದು ಒಳಗೆ ಬರುತ್ತಿತ್ತು. ಅಕ್ಕ ಹೊಲಿಗೆ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಲು ಹೋದಳು. ಒಬ್ಬಳ ಕೈಯಲ್ಲಿ ಅದು ಅಲುಗಲಿಲ್ಲ. ತಮ್ಮ ಎದ್ದು ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ತಿರುಗಿಸಿ ಇಟ್ಟರು. ಅವನು, "ಬೆಳಕು ಸಾಕಾಗುತ್ತಾ?" ಎಂದು ಕೇಳಿದ. ಅವಳು ಸಾಕು ಎಂದಳು.